ಹನ್ನೆರಡೂವರೆಯಿಂದ ಆರರವರೆಗೆ

ಪ್ಲೇಹೋಮ್ ಬಿಡುವುದು ಹನ್ನೆರಡೂವರೆಗೆ. ಅಮ್ಮನ ಕೆಲಸ ಬಿಡುವುದು ಆರಕ್ಕೆ. ಎರಡು ವರ್ಷದ ಮಗುವನ್ನು ಎಲ್ಲಿಗೆ ಸೇರಿಸುವುದು ಎಂದು ಹೊಸಪೇಟೆಯ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಚರ್ಚೆ ಶುರುವಾದರೆ ಈ ಐದೂವರೆ ಗಂಟೆಯ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಯಾವ ಸ್ಕೂಲಿನಲ್ಲಿ ಇಂಗ್ಲಿಷ್ ಚೆನ್ನಾಗಿದೆ, ಯಾರ ಹತ್ತಿರ ವ್ಯಾನ್ ಇದೆ, ಪಕ್ಕದ ಮನೆಯ ಹುಡುಗ ಎರಡೂವರೆಗೇ ಎ ಟು ಝಡ್ ಒಪ್ಪಿಸುತ್ತಾನಂತೆ, ಇವೇ ಮಾತು. ಹಣ ಕಟ್ಟಿ, ಯೂನಿಫಾರ್ಮ್ ಹೊಲಿಸಿ, ಬ್ಯಾಗಿನ ಮೇಲೆ ಹೆಸರು ಬರೆಸಿದ ಮೇಲೆ, ಜೂನ್ ಮೊದಲ ವಾರದಲ್ಲಿ ಯಾರಿಗೋ ಹೊಳೆಯುತ್ತದೆ: ಮಧ್ಯಾಹ್ನ ಇವನನ್ನು ಕರೆದುಕೊಂಡು ಬರುವವರು ಯಾರು?

ಮಾರ್ಚ್ ಕಳೆಯುವ ಹೊತ್ತಿಗೆ ಅಮರಾವತಿ, ಪಟೇಲ್ ನಗರ, ಚಿತ್ತವಾಡ್ಗಿ ಎಲ್ಲಿ ಹೋದರೂ ಅಡ್ಮಿಷನ್ ಓಪನ್ ಎನ್ನುವ ಫ್ಲೆಕ್ಸ್‌ಗಳು. ಮೇಲೆ ದೊಡ್ಡ ಅಕ್ಷರದಲ್ಲಿ ಪ್ಲೇಗ್ರೂಪ್, ನರ್ಸರಿ, ಎಲ್‌ಕೆಜಿ, ಯುಕೆಜಿ. ಕೆಳಗೆ, ಫೋನ್ ನಂಬರಿನ ಪಕ್ಕದಲ್ಲಿ ಸಣ್ಣದಾಗಿ, ‘ಡೇಕೇರ್ ಸೌಲಭ್ಯವಿದೆ’. ಮರ್ಯಾದೆಯ ಲೆಕ್ಕವೂ ಹಾಗೇ ಇದೆ. ‘ನಮ್ಮ ಹುಡುಗ ಸ್ಕೂಲಿಗೆ ಹೋಗ್ತಾನ್ರಿ’ ಎನ್ನುವಾಗ ದನಿ ಏರುತ್ತದೆ. ‘ಡೇಕೇರ್‌ನಾಗ ಬಿಟ್ಟೀವಿ’ ಎನ್ನುವಾಗ ಇಳಿಯುತ್ತದೆ. ಒಂದು ಕಲಿಸುವ ಜಾಗ, ಇನ್ನೊಂದು ಬರೀ ಕಾಯುವ ಜಾಗ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ.

ಈ ನಂಬಿಕೆಗೆ ಚರಿತ್ರೆಯ ಬೆಂಬಲವಿಲ್ಲ. ಇಂದು ಎಷ್ಟೋ ಪ್ಲೇಹೋಮ್‌ಗಳು ತಮ್ಮ ಬೋರ್ಡಿನ ಮೇಲೆ ಹಾಕಿಕೊಳ್ಳುವ ಹೆಸರು ಮಾಂಟೆಸರಿ. ಆ ಹೆಸರಿನ ಶಿಕ್ಷಣತಜ್ಞೆಯ ಮೊದಲ ‘ಮಕ್ಕಳ ಮನೆ’ ತೆರೆದದ್ದು 1907ರ ಜನವರಿ 6ರಂದು, ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ಅಪ್ಪ ಅಮ್ಮ ಕೂಲಿಗೆ ಹೋದ ಮೇಲೆ ವಠಾರದ ಮೆಟ್ಟಿಲುಗಳ ಮೇಲೆ ಓಡಾಡಿಕೊಂಡು ಗೋಡೆ ಹಾಳು ಮಾಡುತ್ತಿದ್ದ ಮಕ್ಕಳನ್ನು ಹಗಲು ಹೊತ್ತು ಒಂದು ಕೋಣೆಯಲ್ಲಿ ಹಿಡಿದಿಡಬೇಕಿತ್ತು. ಕಟ್ಟಡದ ಮಾಲೀಕರ ಚಿಂತೆ ಅಷ್ಟೇ. ಅಂದರೆ ಅದು ಅಪ್ಪಟ ಡೇಕೇರ್. ಮಾಂಟೆಸರಿ ಅಲ್ಲಿ ಮಕ್ಕಳಿಗೆ ಕೈ ತೊಳೆಯುವುದು, ಗುಂಡಿ ಹಾಕುವುದು, ನೀರು ಸುರಿಯುವುದು ಇವನ್ನೇ ಪಾಠ ಮಾಡಿದರು. ನಮ್ಮ ದೇಶದಲ್ಲೂ 1969ರಲ್ಲಿ ದೆಹಲಿಯ ರಾಜಘಾಟ್ ಬಳಿ ಕಟ್ಟಡ ಕೂಲಿಕಾರರ ಮಕ್ಕಳು ಬಿಸಿಲಲ್ಲಿ ಬಿದ್ದಿರುವುದನ್ನು ಕಂಡು ಮೀರಾ ಮಹಾದೇವನ್ ಮೊಬೈಲ್ ಕ್ರೆಷಸ್ ಆರಂಭಿಸಿದರು. ಅಲ್ಲೂ ಕಾಯುವುದು ಮತ್ತು ಕಲಿಸುವುದು ಒಂದೇ ಚಾಪೆಯ ಮೇಲೆ ನಡೆಯಿತು. ಎರಡನ್ನೂ ಬೇರೆ ಮಾಡಿ ಎರಡು ಫೀ ಇಟ್ಟದ್ದು ಆಮೇಲಿನವರು.

ಇನ್ನು ಮಗುವಿನ ಕಡೆಯಿಂದ ನೋಡೋಣ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ. ಹಗಲಿನ ನಿದ್ದೆಯೂ ಇದರಲ್ಲೇ ಸೇರಿತು. ಇದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು. ಈ ವಯಸ್ಸಿನವರು ದಿನಕ್ಕೆ ಮೂರು ಗಂಟೆಯಾದರೂ ಓಡಾಡಿಕೊಂಡಿರಬೇಕು, ಎರಡು ವರ್ಷದ ಮೇಲೆ ಪರದೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂಬುದೂ ಅದರಲ್ಲೇ ಇದೆ. ಎಬಿಸಿಡಿಯ ಸುದ್ದಿಯೇ ಇಲ್ಲ. ಎರಡು ವರ್ಷದವರ ನಿಜವಾದ ಸಿಲಬಸ್ ಬೇರೆ: ಚಡ್ಡಿ ಒದ್ದೆಯಾಗುವ ಮೊದಲು ಹೇಳುವುದು, ತನ್ನ ಕೈಯಿಂದ ತಿನ್ನುವುದು, ಸಿಟ್ಟು ಬಂದಾಗ ಪಕ್ಕದವನನ್ನು ಕಚ್ಚದಿರುವುದು, ಅಮ್ಮ ಹೋದರೂ ವಾಪಸ್ ಬರುತ್ತಾಳೆ ಎಂದು ನಂಬುವುದು. ಇದನ್ನು ಕಲಿಸಲು ಬೇಕಾದ್ದು ಗೋಡೆಯ ಮೇಲಿನ ಚಾರ್ಟ್ ಅಲ್ಲ, ದಿನವೂ ಅದೇ ಮುಖ ಹೊತ್ತುಕೊಂಡು ಬರುವ ಒಬ್ಬ ಹೆಂಗಸು.

ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಖಾಸಗಿ ಪ್ಲೇಸ್ಕೂಲುಗಳಿಗೆಂದು ಮಾಡಿದ ಮಾರ್ಗಸೂಚಿ ನಮ್ಮ ಕಡೆ ಯಾರೂ ಓದಿದಂತೆ ಕಾಣುವುದಿಲ್ಲ. ಅದರ ಪ್ರಕಾರ ಮೂರು ವರ್ಷ ತುಂಬದ ಮಗುವನ್ನು ಪ್ಲೇಸ್ಕೂಲಿಗೆ ಸೇರಿಸಿಕೊಳ್ಳುವಂತೆಯೇ ಇಲ್ಲ. 20 ಮಕ್ಕಳಿಗೆ ಒಬ್ಬ ಟೀಚರ್ ಜೊತೆಗೆ ಒಬ್ಬ ಆಯಾ ಇರಬೇಕು. ದಿನಕ್ಕೆ ಮೂರರಿಂದ ನಾಲ್ಕು ಗಂಟೆ ಸಾಕು. ಶಿಶುಪಾಲನಾ ಕೇಂದ್ರಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ತಂದ ಮಾರ್ಗಸೂಚಿ ಇನ್ನೂ ಬಿಗಿ: ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ಕಾರ್ಯಕರ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಉತ್ತರ ಅರ್ಧ ಸಿಕ್ಕಂತೆ. ಎರಡು ವರ್ಷದವನಿಗೆ ಸಿಗಬೇಕಾದ್ದು ಡೇಕೇರಿನ ಆರೈಕೆ. ನಾವು ಕೊಡಿಸುತ್ತಿರುವುದು ಪ್ಲೇಸ್ಕೂಲಿನ ಬೆಂಚು.

‘ಈಗಲೇ ಸೇರಿಸದಿದ್ದರೆ ಮುಂದೆ ಹಿಂದೆ ಬೀಳ್ತಾನೆ’ ಎಂಬ ಹೆದರಿಕೆಗೆ ಉತ್ತರ ನಮ್ಮ ಶಿಕ್ಷಣ ಇಲಾಖೆಯ ಆದೇಶದಲ್ಲೇ ಇದೆ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ಕರ್ನಾಟಕ ಸರ್ಕಾರ 2022ರಲ್ಲಿ ನಿಯಮ ಮಾಡಿತು, ಜಾರಿಯನ್ನು 2025-26ಕ್ಕೆ ಇಟ್ಟಿತು. ಅಷ್ಟರೊಳಗೆ ಎಷ್ಟೋ ಮನೆಯವರು ಮಕ್ಕಳನ್ನು ಎರಡಕ್ಕೆ, ಎರಡೂವರೆಗೆ ನರ್ಸರಿಗೆ ನೂಕಿಯಾಗಿತ್ತು. ಆ ಮಕ್ಕಳು ಯುಕೆಜಿ ಮುಗಿಸಿ ನಿಂತಾಗ ವಯಸ್ಸು ಐದೂವರೆ ಸುಮಾರು. ಗಲಾಟೆ ಎದ್ದಿತು. 2025ರ ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಯುಕೆಜಿ ಮುಗಿಸಿದವರಿಗೆ ಐದು ವರ್ಷ ಐದು ತಿಂಗಳಿಗೇ ಪ್ರವೇಶ ಎಂದು, ಆ ಒಂದು ವರ್ಷಕ್ಕೆಂದು ಹೇಳಿ, ಸಡಿಲಿಕೆ ಕೊಟ್ಟರು. ಲೆಕ್ಕ ಸರಳ. ಒಂದನೇ ತರಗತಿಗೆ ಆರು, ಯುಕೆಜಿಗೆ ಐದು, ಎಲ್‌ಕೆಜಿಗೆ ನಾಲ್ಕು. ಎರಡಕ್ಕೇ ಶುರು ಮಾಡಿದರೆ ಒಂದನೇ ತರಗತಿಯ ಮುಂಚೆ ನಾಲ್ಕು ವರ್ಷದ ಫೀ. ಬೇಗ ಹೊರಟವನು ಬಾಗಿಲಲ್ಲಿ ಕಾಯುತ್ತಾನೆ, ಅಷ್ಟೇ.

ಹಾಗಿದ್ದರೂ ಇಬ್ಬರೂ ದುಡಿಯುವ ಮನೆಯಲ್ಲಿ ಒಂದು ಮಧ್ಯಮ ದಾರಿ ಹುಡುಕುತ್ತಾರೆ: ಬೆಳಿಗ್ಗೆ ಪ್ರೀಸ್ಕೂಲ್, ಮಧ್ಯಾಹ್ನ ಡೇಕೇರ್. ಕೇಳಲು ಚೆಂದ. ಆದರೆ ಮಗುವಿನ ಒಂದು ದಿನವನ್ನು ಬರೆದು ನೋಡಿ. ಎಂಟೂವರೆಗೆ ಅಮ್ಮನ ಕೈಯಿಂದ ವ್ಯಾನ್ ಡ್ರೈವರಣ್ಣನ ಕೈಗೆ. ಒಂಬತ್ತಕ್ಕೆ ಮಿಸ್ ಕೈಗೆ. ಹನ್ನೆರಡೂವರೆಗೆ ಮತ್ತೆ ವ್ಯಾನ್. ಒಂದಕ್ಕೆ ಡೇಕೇರಿನ ಆಂಟಿ. ಆರೂಕಾಲಿಗೆ ಅಪ್ಪ. ನಿದ್ದೆಗಣ್ಣಿನಲ್ಲಿ, ಮಧ್ಯಾಹ್ನದ ಸುಡುಬಿಸಿಲಲ್ಲಿ, ಎರಡು ವರ್ಷದ ಜೀವ ದಿನಕ್ಕೆ ಐದು ಸಲ ಕೈ ಬದಲಾಗುತ್ತದೆ. ದೊಡ್ಡವರಿಗೇ ಒಂದು ದಿನದಲ್ಲಿ ಐದು ಆಫೀಸು ತಿರುಗಿದರೆ ತಲೆನೋವು. ಎರಡೂ ಒಂದೇ ಕಟ್ಟಡದಲ್ಲಿದ್ದರೆ, ಆಯಮ್ಮನೂ ಒಬ್ಬರೇ ಆಗಿದ್ದರೆ, ಆಗ ಮಾತು ಬೇರೆ. ಇಲ್ಲದಿದ್ದರೆ ಮೂರು ತುಂಬುವ ತನಕ ಇಡೀ ದಿನಕ್ಕೆ ಒಂದೇ ಜಾಗ ಇರಲಿ, ಅದು ಡೇಕೇರ್ ಆಗಿರಲಿ ಎಂಬುದು ನನ್ನ ಅಭಿಪ್ರಾಯ.

ಯಾವ ಡೇಕೇರ್? ಬೆಳಿಗ್ಗೆ ಹತ್ತಕ್ಕೆ ಹೋಗಿ ನೋಡಬೇಡಿ. ಹತ್ತು ಗಂಟೆಗೆ ಎಲ್ಲ ಜಾಗವೂ ಚೆನ್ನಾಗಿರುತ್ತದೆ. ಮ್ಯಾಟ್ ಗುಡಿಸಿರುತ್ತಾರೆ, ಮಕ್ಕಳ ತಲೆ ಬಾಚಿರುತ್ತದೆ, ಮೇಡಂ ಕುರ್ಚಿ ಎಳೆದು ಕೂರಿಸಿ ಆಲ್ಬಮ್ ತೋರಿಸುತ್ತಾರೆ. ಒಂದೂವರೆಯಿಂದ ಮೂರರ ಒಳಗೆ ಹೋಗಿ. ಆಗ ಊಟ ಮುಗಿದಿರುತ್ತದೆ, ಒಂದಿಬ್ಬರು ವಾಂತಿ ಮಾಡಿರುತ್ತಾರೆ, ನಿದ್ದೆ ಬಾರದವನೊಬ್ಬ ಅಳುತ್ತಿರುತ್ತಾನೆ. ಅವನ ಹತ್ತಿರ ಯಾರು ಹೋಗುತ್ತಾರೆ ನೋಡಿ. ಒಳ್ಳೆಯ ಕಡೆ ಹೇಗಿರುತ್ತದೆಂದರೆ, ಆಯಮ್ಮ ಒಂದು ಕೂಸನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತಾ, ಇನ್ನೊಂದು ಕೈಯಲ್ಲಿ ಪಕ್ಕದವನ ಬೆನ್ನು ಸವರುತ್ತಾ, ನಮ್ಮ ಕಡೆ ಬರೀ ಕಣ್ಣಲ್ಲೇ ‘ಕುಂದರ್ರಿ, ಬಂದೆ’ ಎನ್ನುತ್ತಾಳೆ. ಎದ್ದು ಬರುವುದಿಲ್ಲ. ಪಾಲಕರು ಬಂದರೆಂದು ಮಗುವನ್ನು ಬಿಟ್ಟು ಎದ್ದು ಬಂದು ನಗುವ ಕಡೆ ನನಗೆ ಅನುಮಾನ ಹೆಚ್ಚು. ಮೂಲೆಯಲ್ಲಿ ಟಿವಿ ಉರಿಯುತ್ತಿದ್ದು ಹತ್ತು ಜೋಡಿ ಕಣ್ಣು ಅದಕ್ಕೆ ಅಂಟಿಕೊಂಡಿದ್ದರೆ ಅಲ್ಲಿ ಕಾಯುತ್ತಿರುವುದು ಟಿವಿ. ಹೇಳದೆ ಬರಬಾರದು ಎಂಬ ನಿಯಮ ಇರುವ ಕಡೆಗೆ ಎರಡನೇ ಸಲ ಹೋಗುವ ಅಗತ್ಯವೇ ಇಲ್ಲ.

ಒಂದು ಪ್ರಶ್ನೆ ತಪ್ಪದೆ ಕೇಳಿ: ಈ ಆಯಮ್ಮ ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ಮೂರು ತಿಂಗಳಿಗೊಬ್ಬರು ಬದಲಾಗುತ್ತಿದ್ದರೆ ಅವರಿಗೆ ಕೊಡುವ ಸಂಬಳ ಎಷ್ಟೆಂದು ಅರ್ಥವಾಗುತ್ತದೆ. ನಾವು ಕಟ್ಟುವ ಫೀ ಗೋಡೆಯ ಬಣ್ಣಕ್ಕೆ ಹೋಗುತ್ತಿದೆಯೋ ಅವರ ಕೈಗೆ ಹೋಗುತ್ತಿದೆಯೋ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ನಮ್ಮ ಊರಿಗೇ ಬೇಕಾದ ತಪಾಸಣೆಯೂ ಇದೆ. ಬೆಂಗಳೂರಿನವರು ಬರೆದ ಪಟ್ಟಿಯಲ್ಲಿ ಅದು ಇರುವುದಿಲ್ಲ. ಹೊಸಪೇಟೆಯಲ್ಲಿ ವಿಜಯನಗರದ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆ ಇಂದಿಗೂ ಹರಿಯುತ್ತಿವೆ, ಮನೆಗಳ ಬೆನ್ನಿಗೇ ಹರಿಯುತ್ತವೆ. ನಡೆಯಲು ಕಲಿತ ಮಗುವಿಗೆ ನೀರು ಕಂಡರೆ ತಡೆಯಿಲ್ಲ. ಗೇಟಿಗೆ ಚಿಲಕ ಎಷ್ಟು ಎತ್ತರದಲ್ಲಿದೆ, ಸಂಪಿನ ಮುಚ್ಚಳ ಎರಡು ವರ್ಷದವರು ಎತ್ತುವಷ್ಟು ಹಗುರವಾಗಿದೆಯೇ, ಕೈಯಿಂದ ಎತ್ತಿ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವುದು ಹೊಸದೇನಲ್ಲ. ಮೇಲಿನ ಮಹಡಿಯ ತಗಡಿನ ಶೆಡ್ಡಿನಲ್ಲಿ ಮಕ್ಕಳನ್ನು ಮಲಗಿಸುವ ಜಾಗಕ್ಕೆ ಎಷ್ಟೇ ಒಳ್ಳೆಯ ಹೆಸರಿದ್ದರೂ ಬೇಡ. ಕರೆಂಟ್ ಹೋದಾಗ ಫ್ಯಾನಿಗೆ ಏನು ಗತಿ, ಓಆರ್‌ಎಸ್ ಪ್ಯಾಕೆಟ್ ಎಲ್ಲಿಟ್ಟಿದ್ದೀರಿ ಎಂದು ಕೇಳುವುದು ಸಿಸಿಟಿವಿ ಇದೆಯೇ ಎಂದು ಕೇಳುವುದಕ್ಕಿಂತ ಮುಖ್ಯ. ಸಂಡೂರಿನ ಕಡೆ ಅದಿರು ಲಾರಿಗಳ ರಸ್ತೆಗೆ ಬಾಗಿಲು ತೆರೆಯುವ ಮನೆಗಳಲ್ಲಿ ಕಿಟಕಿಯ ಕಟ್ಟೆಯ ಮೇಲೆ ಬೆರಳು ಆಡಿಸಿ ನೋಡಿ. ಬೆರಳು ಕೆಂಪಾದರೆ ಅದೇ ಧೂಳು ಮಗುವಿನ ಎದೆಗೂ ಹೋಗುತ್ತಿದೆ.

ಇಷ್ಟು ಹೊತ್ತು ಫೀ ಕಟ್ಟಬಲ್ಲವರ ಮಾತಾಯಿತು. ಕಂಪ್ಲಿಯ ಗದ್ದೆಗಳ ಕಡೆ ಹೋದರೆ ಆಯ್ಕೆ ಎಂಬುದೇ ಇಲ್ಲ. ತುಂಗಭದ್ರಾ ಡ್ಯಾಮಿನಿಂದ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದರೆ ಹೆಣ್ಣಾಳುಗಳ ಗುಂಪು ಬೆಳಕು ಹರಿಯುತ್ತಲೇ ಆಟೋ ಹತ್ತುತ್ತದೆ. ಅಂಗನವಾಡಿ ಬಾಗಿಲು ತೆರೆಯುವುದು ಒಂಬತ್ತೂವರೆಗೆ. ಅಷ್ಟು ಹೊತ್ತಿಗೆ ಆ ತಾಯಂದಿರು ಎರಡು ಮಡಿ ನಾಟಿ ಮುಗಿಸಿರುತ್ತಾರೆ. ಕೂಸು ಬದುವಿನ ಮೇಲೆ, ಮರಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ, ಅದನ್ನು ತೂಗಲು ಶಾಲೆ ಬಿಟ್ಟ ಅಕ್ಕ. ಹಂಪಿ, ಕಮಲಾಪುರ, ಕಡ್ಡಿರಾಂಪುರದ ಕಷ್ಟ ಇನ್ನೊಂದು ತರಹ. ಹೋಂಸ್ಟೇ ಗುಡಿಸುವವರಿಗೆ, ಗುಡಿ ಮುಂದೆ ಕಾಯಿ ಬಾಳೆಹಣ್ಣು ಮಾರುವವರಿಗೆ ದುಡಿಮೆ ಜೋರಾಗುವುದು ಭಾನುವಾರ, ದಸರಾ ರಜೆ, ಕ್ರಿಸ್‌ಮಸ್ ರಜೆಯಲ್ಲಿ. ಸರ್ಕಾರದ್ದಾಗಲಿ ಖಾಸಗಿಯದಾಗಲಿ, ಮಗುವನ್ನು ಇಟ್ಟುಕೊಳ್ಳುವ ಎಷ್ಟೋ ಜಾಗಗಳು ಬೀಗ ಹಾಕುವುದೂ ಅದೇ ದಿನಗಳಲ್ಲಿ. ತೋರಣಗಲ್ಲಿನ ಶಿಫ್ಟ್ ಕೆಲಸದವರ ಗಡಿಯಾರ ಮತ್ತೂ ಬೇರೆ.

ಈ ತೂತನ್ನು ಮುಚ್ಚಲು ರಾಜ್ಯ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ ತಂದಿತು. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಕೂಸುಗಳಿಗೆ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ, 4,000 ಕೇಂದ್ರಗಳ ಗುರಿ. ಇದುವರೆಗಿನ ಸರ್ಕಾರಿ ಯೋಚನೆಗಳಲ್ಲಿ ಈ ವಯಸ್ಸನ್ನು ಸರಿಯಾಗಿ ಕಂಡದ್ದು ಇದೇ ಎಂದು ನನಗನಿಸುತ್ತದೆ. ತೊಡಕೂ ಅದರೊಳಗೇ ಇದೆ. ನೋಡಿಕೊಳ್ಳುವವರಿಗೆ ಕೂಲಿ ಖಾತ್ರಿಯ ದಿನಗಳ ಲೆಕ್ಕದಲ್ಲೇ ಎಂದು ಮಾಡಿದ್ದರಿಂದ ಪಾಳಿ ಪ್ರಕಾರ ಮುಖ ಬದಲಾಗುತ್ತದೆ. ಎರಡು ವರ್ಷದವರಿಗೆ ಬೇಕಾದ್ದು ಬದಲಾಗದ ಮುಖ ಎಂದು ಮೇಲೆಯೇ ಹೇಳಿದೆ. ಮತ್ತೆ, ಪಂಚಾಯಿತಿಯ ಯೋಜನೆ ಹೊಸಪೇಟೆ ನಗರಸಭೆಯ ಗಡಿಯೊಳಗೆ ಬರುವುದಿಲ್ಲ. ಚಪ್ಪರದಹಳ್ಳಿಯಲ್ಲಿ ಪಾತ್ರೆ ತೊಳೆಯಲು ಹೋಗುವ ತಾಯಿಗೆ ಕೂಸಿನ ಮನೆಯೂ ಇಲ್ಲ, ಪ್ಲೇಹೋಮಿನ ಫೀಯೂ ಎಟುಕದು.

ಅಂಗನವಾಡಿಯ ವಿಚಾರಕ್ಕೆ ಬಂದರೆ ಮಧ್ಯಮ ವರ್ಗದವರು ಮುಖ ತಿರುಗಿಸುತ್ತಾರೆ. ತಿರುಗಿಸಬಾರದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗಕ್ಕೆಂದು ಶುರುವಾಗಿ, ನಮ್ಮ ರಾಜ್ಯದಲ್ಲಿ ತಿ. ನರಸೀಪುರದಿಂದ ಹೊರಟ ಈ ವ್ಯವಸ್ಥೆಗೆ ಐವತ್ತು ವರ್ಷ ದಾಟಿದೆ. ಮೂರರಿಂದ ಆರು ವರ್ಷದವರಿಗೆ ಬಿಸಿಯೂಟ, ಮೊಟ್ಟೆ, 2013ರಿಂದ ಕ್ಷೀರಭಾಗ್ಯದ ಹಾಲು, ಚುಚ್ಚುಮದ್ದಿನ ದಿನ ನೆನಪಿಸುವ ಟೀಚರ್, ತೂಕ ಕಡಿಮೆಯಾದರೆ ಮನೆಗೆ ಬಂದು ಕೇಳುವ ವ್ಯವಸ್ಥೆ. ಯಾವ ಪ್ಲೇಹೋಮ್ ನಿಮ್ಮ ಮಗುವಿನ ತೂಕ ನೋಡಿದೆ? ಅದೇ ಕೇರಿಯ ಹೆಂಗಸು ಅಲ್ಲಿ ಟೀಚರ್ ಆಗಿರುವುದರಿಂದ ಮುಖ ಬದಲಾಗುವುದೂ ಕಡಿಮೆ. ಕನ್ನಡ, ತೆಲುಗು, ಉರ್ದು, ಲಂಬಾಣಿ ಎಲ್ಲ ಬೆರೆತ ನಮ್ಮ ಊರುಗಳಲ್ಲಿ ಮಗು ಮನೆಯ ಮಾತಲ್ಲೇ ‘ನೀರು ಬೇಕು’ ಎಂದರೂ ಆಕೆಗೆ ತಿಳಿಯುತ್ತದೆ. ಕೊರತೆಗಳು ಕಣ್ಣಿಗೆ ಕಾಣುವಂಥವೇ. ಬಾಡಿಗೆ ಕೋಣೆ, ಶೌಚಾಲಯಕ್ಕೆ ನೀರಿಲ್ಲದ್ದು, ಸರ್ವೆ, ಚುನಾವಣೆ ಕೆಲಸ, ಮೊಬೈಲ್ ಆ್ಯಪ್ ಎಂದು ಟೀಚರನ್ನು ಮಕ್ಕಳಿಂದ ಎಳೆದು ಕೂರಿಸುವುದು. ಮೂರು ತುಂಬದ ಮಕ್ಕಳಿಗೆ ಅಲ್ಲಿ ಸಿಗುವುದು ಮನೆಗೆ ಒಯ್ಯುವ ಆಹಾರದ ಪೊಟ್ಟಣ ಮಾತ್ರ. ಹಗಲು ಇರಲು ಜಾಗವಿಲ್ಲ. ಆದರೂ ಮಗುವಿಗೆ ಮೂರು ತುಂಬಿ, ಮನೆಯಲ್ಲಿ ಮಧ್ಯಾಹ್ನದ ಮೇಲೆ ಯಾರಾದರೂ ಇದ್ದರೆ, ಫ್ಲೆಕ್ಸ್ ನೋಡುವ ಮೊದಲು ನಿಮ್ಮ ವಾರ್ಡಿನ ಅಂಗನವಾಡಿಗೆ ಒಂದು ಸಲ ಹೋಗಿ ಬನ್ನಿ. ಟೀಚರ್ ಚೆನ್ನಾಗಿದ್ದರೆ ನರ್ಸರಿಯ ಒಂದು ವರ್ಷದ ಹಣ ಉಳಿಯಿತು.

ನಾಲ್ಕು ತುಂಬಿದವರಿಗೆ ಇನ್ನೊಂದು ದಾರಿ ತೆರೆದಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಕ್ಷರ ಆವಿಷ್ಕಾರ ಯೋಜನೆಯಲ್ಲಿ ನಮ್ಮ ಭಾಗದ ಸಾವಿರದಷ್ಟು ಸರ್ಕಾರಿ ಶಾಲೆಗಳಿಗೆ 2024-25ರಲ್ಲಿ ಎಲ್‌ಕೆಜಿ, ಯುಕೆಜಿ ಮಂಜೂರಾಯಿತು. ಅಂಗನವಾಡಿ ಮಕ್ಕಳೆಲ್ಲ ಅಲ್ಲಿಗೆ ಹೋದರೆ ನಮ್ಮ ಗತಿಯೇನು ಎಂದು ಆ ಜೂನ್‌ನಲ್ಲಿ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ನಾಲ್ಕರ ಮಕ್ಕಳಿಗಾಗಿ ಎರಡು ಇಲಾಖೆಗಳು ಎಳೆದಾಡಿದವು, ಎರಡರ ಮಕ್ಕಳನ್ನು ಕೇಳಿದವರು ಯಾರೂ ಇಲ್ಲ.

ಕೆಲಸ ಕೊಡುವವರ ಪಾಲೂ ಇದೆ, ಅದನ್ನು ಕೇಳಲು ನಮ್ಮವರಿಗೆ ಸಂಕೋಚ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಪ್ರಕಾರ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ಲೆಕ್ಕಕ್ಕೆ ಬರುವುದು ಹೆಂಗಸರು ಮಾತ್ರ ಅಲ್ಲ, ಒಟ್ಟು 50 ನೌಕರರು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಸಂಖ್ಯೆ ಹಾಗೇ ಉಳಿದಿದೆ. ಆಸ್ಪತ್ರೆ, ದೊಡ್ಡ ಹೋಟೆಲ್, ಖಾಸಗಿ ಕಾಲೇಜು ಎಲ್ಲ ಇದರೊಳಗೇ. ಗಣಿಗಳಿಗಂತೂ 1966ರಷ್ಟು ಹಿಂದೆಯೇ ಪ್ರತ್ಯೇಕ ಕ್ರೆಷ್ ನಿಯಮಗಳಿದ್ದವು. ಸಂಡೂರಿನ ಮಟ್ಟಿಗೆ ಹಣವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದಿರಿನ ರಾಜಧನದ ಜೊತೆ ಜಮೆಯಾಗುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಮಹಿಳೆ ಮತ್ತು ಮಕ್ಕಳ ಕಲ್ಯಾಣ ಆದ್ಯತೆಯ ಬಾಬ್ತುಗಳಲ್ಲಿ ಒಂದು. ಬೆಳಿಗ್ಗೆ ಆರಕ್ಕೆ ತೆರೆದು ಸಂಜೆ ಏಳಕ್ಕೆ ಮುಚ್ಚುವ, ಕಾಯಂ ಸಂಬಳದ ಆಯಾಗಳಿರುವ ಕೂಸಿನ ಮನೆಯನ್ನು ಗಣಿಬಾಧಿತ ಊರುಗಳಲ್ಲಿ ಆ ಹಣದಲ್ಲಿ ನಡೆಸಬಹುದು. ಇನ್ನೊಂದು ಸಮುದಾಯ ಭವನಕ್ಕಿಂತ ಅದು ಹೆಚ್ಚು ಜನಕ್ಕೆ ಬಳಕೆಯಾದೀತು.

ಅಜ್ಜಿಯನ್ನು ಮರೆತಿಲ್ಲ. ಅಜ್ಜಿ ಇದ್ದ ಮನೆಯಲ್ಲಿ ಈ ಚರ್ಚೆಯೇ ಬೇಡ ಎನ್ನುವವರಿದ್ದಾರೆ. ಆದರೆ ಅರವತ್ತೈದರ ಮಂಡಿನೋವಿನ ಅಜ್ಜಿ ಎರಡು ವರ್ಷದವನ ಹಿಂದೆ ಎಂಟು ಗಂಟೆ ಓಡಲಾರಳು. ಓಡಲಾಗದ ಕಡೆ ಮೊಬೈಲ್ ಕೈಗೆ ಬರುತ್ತದೆ. ಅಜ್ಜಿಯ ಜೊತೆ ಅರ್ಧ ದಿನ ಸಹಾಯಕ್ಕೆ ಕೇರಿಯ ಒಬ್ಬ ಹೆಂಗಸನ್ನು ಇಟ್ಟುಕೊಳ್ಳುವುದು, ಅಥವಾ ತನ್ನ ಮಗುವಿನ ಜೊತೆ ನಿಮ್ಮದನ್ನೂ ನೋಡಿಕೊಳ್ಳುವ ಪಕ್ಕದ ಓಣಿಯ ತಾಯಿಗೆ ಸರಿಯಾದ ದುಡ್ಡು ಕೊಡುವುದು, ಎಷ್ಟೋ ಸಲ ಎರಡೂ ಬೋರ್ಡುಗಳಿಗಿಂತ ವಾಸಿ. ಅವಳ ಮನೆಗೂ ಒಂದೂವರೆಗೇ ಹೋಗಿ ನೋಡಿ.

ಸೇರಿಸುವ ದಿನ ಗೊತ್ತಾದ ಮೇಲೆ ಮೊದಲ ವಾರ ಇಡೀ ದಿನ ಬಿಡಬೇಡಿ. ಮೊದಲ ದಿನ ಒಂದು ಗಂಟೆ, ಜೊತೆಗೆ ಮನೆಯವರೊಬ್ಬರು ಅಲ್ಲೇ ಕೂತಿರಬೇಕು. ಆಮೇಲೆ ಊಟದ ತನಕ, ಕೊನೆಗೆ ನಿದ್ದೆಯ ತನಕ. ಮಗು ಆಟದಲ್ಲಿ ಮುಳುಗಿದಾಗ ಕಳ್ಳನಂತೆ ಜಾರಿಕೊಳ್ಳುವುದು ನಮ್ಮಲ್ಲಿ ರೂಢಿ. ಹಾಗೆ ಮಾಡಿದರೆ ಮಾರನೇ ದಿನ ಅದು ಸೆರಗು ಬಿಡುವುದೇ ಇಲ್ಲ. ಹೇಳಿಯೇ ಹೊರಡಿ, ಅತ್ತರೂ ಪರವಾಗಿಲ್ಲ. ಮತ್ತೆ, ಎಷ್ಟೇ ಚೊಕ್ಕಟವಾದ ಜಾಗವಾದರೂ ಮೊದಲ ಮಳೆಗಾಲದಲ್ಲಿ ನೆಗಡಿ, ಜ್ವರ, ಭೇದಿ ಸರದಿಯ ಮೇಲೆ ಬರುತ್ತವೆ. ಹತ್ತು ಮಕ್ಕಳು ಸೇರಿದ ಕಡೆ ಅದು ತಪ್ಪಿದ್ದಲ್ಲ. ಜ್ವರದ ಮಗುವನ್ನು ಕಳಿಸಬೇಡಿ ಎನ್ನುವ ಡೇಕೇರ್ ಒಳ್ಳೆಯ ಡೇಕೇರ್, ಅವರ ಮೇಲೆ ಸಿಟ್ಟಾಗಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೈಯಲ್ಲಿ ರಜೆ ಇಟ್ಟುಕೊಂಡಿರಿ. ಎಷ್ಟು ರಜೆ ಉಳಿದಿದೆ ಎಂದು ಎಣಿಸುವಾಗ ಅಪ್ಪನ ರಜೆಯನ್ನೂ ಆ ಲೆಕ್ಕಕ್ಕೆ ಸೇರಿಸಿ.